ಸ್ಮಾರ್ಟ್ ಬೋರ್ಡ್‌ಗಿಂತ ಮೊದಲು ಆಗಬೇಕಾದ ಕೆಲಸ

ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹಣ ಕೂಡಿಸಿದ್ದೀರಿ. ಗಣಿತ, ವಿಜ್ಞಾನದ ಕಲಿಕೆ ಸುಧಾರಿಸಲು ಸ್ಮಾರ್ಟ್ ಬೋರ್ಡ್ ಕೊಡಿಸಿದರೆ ಸಾಕೇ ಎಂದು ಕೇಳಿದ್ದೀರಿ. ಕೋಲಾರ ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ ಆರರಿಂದ ಎಂಟನೆಯ ತರಗತಿಯವರೆಗೆ ಈ ಎರಡೂ ವಿಷಯಗಳನ್ನು ಬೋಧಿಸುವ ಶಿಕ್ಷಕಿಯಾಗಿ ನನ್ನ ಅಭಿಪ್ರಾಯವೆಂದರೆ, ಬೋರ್ಡ್ ಆಮೇಲೆ ಬರಲಿ. ಮಕ್ಕಳ ತಪ್ಪು ಉತ್ತರಗಳನ್ನು ಕೂತು ಓದಲು ಶಿಕ್ಷಕರಿಗೆ ಬಿಡುವು ಸಿಗುವುದು ಅದಕ್ಕಿಂತ ಮುಖ್ಯ.

ಆರನೆಯ ತರಗತಿಯಲ್ಲಿ 3.45 ಮತ್ತು 3.5 ಇವುಗಳಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ಅನೇಕ ಮಕ್ಕಳು 3.45 ಎನ್ನುತ್ತಾರೆ. ಐದಕ್ಕಿಂತ ನಲವತ್ತೈದು ದೊಡ್ಡದೆಂಬ, ಪೂರ್ಣ ಸಂಖ್ಯೆಗಳಲ್ಲಿ ಸರಿಯಾಗಿಯೇ ಇದ್ದ ತರ್ಕವನ್ನು ಮಗು ದಶಮಾಂಶ ಬಿಂದುವಿನ ಆಚೆಗೂ ಒಯ್ದಿರುತ್ತದೆ. ಕೆಂಪು ಶಾಯಿಯಲ್ಲಿ ತಪ್ಪು ಹಾಕಿ ಸರಿ ಉತ್ತರ ಬರೆಸಿದರೆ ಆ ತರ್ಕ ಕದಲುವುದಿಲ್ಲ. ನಮ್ಮ ಕಡೆ ಬಹಳಷ್ಟು ಮನೆಗಳಿಂದ ದಿನಕ್ಕೆ ಎರಡು ಹೊತ್ತು ಡೇರಿಗೆ ಹಾಲು ಹೋಗುತ್ತದೆ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ನಮೂದಾದ ಚೀಟಿಯನ್ನು ಮಕ್ಕಳಿಂದಲೇ ತರಿಸಿ, ಅದರಲ್ಲಿರುವ 3.45 ಲೀಟರ್ ಮೂರೂವರೆ ಆಗಲು ಇನ್ನೆಷ್ಟು ಬೇಕೆಂದು ಅಳತೆ ಜಾಡಿಯಲ್ಲಿ ನೀರು ಹೊಯ್ದು ನೋಡಲು ಬಿಟ್ಟರೆ, ಆ 50 ಮಿಲಿಲೀಟರ್ ಅವರ ಕಣ್ಣೆದುರಿಗೇ ಇರುತ್ತದೆ. ನೀರು ಬೆರೆಸಿದ ಹಾಲಿನಲ್ಲಿ, ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ಹೆಚ್ಚು ಮುಳುಗುವುದೇಕೆ ಎಂದು ಆಗಲೇ ಕೇಳಿದರೆ ಸಾಂದ್ರತೆಯ ಪಾಠವೂ ಅಲ್ಲಿಯೇ ಆರಂಭವಾಗುತ್ತದೆ.

ಗಣಿತದ ಈ ಕೊರತೆ ವಿಜ್ಞಾನಕ್ಕೂ ದಾಟುತ್ತದೆ. ನಮ್ಮ ಜಿಲ್ಲೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಇರಬಹುದೆಂದು ಭಾರತೀಯ ಮಾನಕ ಹೇಳುತ್ತದೆ. 1.35 ಎಂಬ ವರದಿ 1.5ರ ಒಳಗಿದೆಯೇ, ಮೀರಿದೆಯೇ ಎಂದು ತಿಳಿಯದ ಮಗು, ಹೆಚ್ಚು ಫ್ಲೋರೈಡ್‌ನಿಂದ ಹಲ್ಲು, ಮೂಳೆಗಳಿಗೆ ಬರುವ ಫ್ಲೋರೋಸಿಸ್ ರೋಗದ ಪಾಠವನ್ನು ಬಾಯಿಪಾಠವಷ್ಟೇ ಮಾಡಬಲ್ಲದು.

ಇನ್ನು ಸಮಯದ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಆರರಿಂದ ಎಂಟನೆಯ ತರಗತಿಗೆ ವಿಜ್ಞಾನ ಮತ್ತು ಗಣಿತ ಎರಡಕ್ಕೂ ಸೇರಿ ಕನಿಷ್ಠ ಒಬ್ಬ ಶಿಕ್ಷಕರಿದ್ದರೆ ಸಾಕು. ಹಾಗಾಗಿ ಸಣ್ಣ ಶಾಲೆಗಳಲ್ಲಿ ಮೂರು ತರಗತಿಗಳ ಎರಡೂ ವಿಷಯಗಳು ಒಬ್ಬರ ತಲೆಯ ಮೇಲೇ ಇರುತ್ತವೆ. ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಬೋಧಕೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದೆಂದು ಅದೇ ಕಾಯ್ದೆಯ 27ನೆಯ ಕಲಂ ಹೇಳಿದರೂ, ಮಾಹಿತಿ ಅಪ್‌ಲೋಡ್ ಮತ್ತು ಬಿಸಿಯೂಟದ ಲೆಕ್ಕದಲ್ಲಿ ಪೀರಿಯಡ್‌ಗಳು ಕರಗುತ್ತವೆ. ಈ ಹೊರೆ ಇಳಿಯದೆ ಯಾವ ಉಪಕರಣವೂ ಫಲ ಕೊಡದು ಎಂದೇ ನಾನು ನಂಬಿದ್ದೇನೆ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಗಳಲ್ಲಿ ಸುತ್ತೋಲೆ ಓದುವುದನ್ನು ಕಡಿಮೆ ಮಾಡಿ, ಒಂದೇ ವಿಷಯದ ಶಿಕ್ಷಕರು ಮಕ್ಕಳ ನೋಟ್‌ಪುಸ್ತಕಗಳನ್ನು ಹರಡಿಕೊಂಡು ಕುಳಿತರೆ ಬಹಳ ಉಪಯೋಗ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ರೂಪುಗೊಂಡದ್ದೂ ನಮ್ಮ ಗಡಿಯಾಚೆಯ ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಾಲೆಯ ಕಲಿಕಾ ಕ್ರಮವನ್ನು ನೋಡಿಬಂದ ಸರ್ಕಾರಿ ಶಿಕ್ಷಕರ ಕೈಯಲ್ಲಿಯೇ.

ನಿಮ್ಮ ಹಣದ ವಿಚಾರಕ್ಕೆ ಬಂದರೆ, ಮೊದಲು ಶಾಲೆಯ ವಿಜ್ಞಾನದ ಬೀರುವನ್ನು ತೆಗೆಸಿ ನೋಡಿ. ಎಷ್ಟೋ ಕಡೆ ಬೀಕರ್, ಥರ್ಮಾಮೀಟರ್ ಇದ್ದರೂ ಒಡೆದರೆ ದಾಸ್ತಾನು ವಹಿಗೆ ಉತ್ತರ ಕೊಡಬೇಕೆಂಬ ಭಯಕ್ಕೆ ಬೀಗ ತೆಗೆಯುವುದೇ ಇಲ್ಲ. ಆದ್ದರಿಂದ ಒಡೆದದ್ದನ್ನು ಮತ್ತೆ ತರಲು, ಲಿಟ್ಮಸ್ ಕಾಗದ, ಗ್ರಾಫ್ ಹಾಳೆ, ಬ್ಯಾಟರಿ ಸೆಲ್, ತಂತಿಯಂಥ ಮುಗಿದುಹೋಗುವ ಸಾಮಾನು ಕೊಳ್ಳಲು ಪ್ರತಿ ವರ್ಷ ಒಂದಿಷ್ಟು ಮೊತ್ತವನ್ನು ಮೀಸಲಿಡಿ. ಮಕ್ಕಳ ಕೈಯಲ್ಲಿ ಒಡೆದ ಸಾಮಾನಿಗೆ ಶಿಕ್ಷಕರಿಂದ ಹಣ ವಸೂಲಿ ಮಾಡದೆ ಈ ಮೊತ್ತದಿಂದಲೇ ಭರಿಸತಕ್ಕದ್ದೆಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ಬರೆಸಿ.