ಆಲದ ಮರಕ್ಕೆ ನಿಂತ ಓದು: ಮನೆಶಾಲೆಯ ಮೂವರು ಮಕ್ಕಳಿಗೆ ಇತಿಹಾಸ ಓದಿ ಹೇಳಿದ ಪ್ರಕರಣ

ನಮ್ಮಲ್ಲಿಗೆ ಸಲಹೆ ಕೇಳಿ ಬಂದದ್ದು ಬಾಗಲಕೋಟೆ ನವನಗರದ ಕುಟುಂಬ. ಗುರುತು ಸಿಗದಂತೆ ಕೆಲವು ವಿವರ ಬದಲಿಸಲಾಗಿದೆ. ತಾಯಿ, ಪಾಳಿ ಕೆಲಸಕ್ಕೆ ಹೋಗುವ ತಂದೆ, ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನ ಮುಳುಗಡೆಗೆ ಮುಂಚೆ ಹಳೇ ಬಾಗಲಕೋಟೆಯಲ್ಲಿದ್ದ ಅಜ್ಜಿ, 13 ವರ್ಷದ ಹುಡುಗಿ, 9ರ ಹುಡುಗ, 5ರ ಹುಡುಗಿ. ಎರಡು ವರ್ಷದಿಂದ ಮಕ್ಕಳ ಕಲಿಕೆ ಮನೆಯಲ್ಲೇ. ಶಾಲೆ ಯಾಕೆ ಬಿಡಿಸಿದರು ಅನ್ನುವುದು ಇಲ್ಲಿನ ವಿಷಯವಲ್ಲ.

ತಾಯಿ ಹೇಳಿದ್ದು ಹೀಗೆ: "ಸಣ್ಣಾಕಿ ಹತ್ತ ದಿನಾತ್ರಿ, ಹಾಸಿಗ್ಯಾಗ ಉಚ್ಚಿ ಹೊಯ್ಕೊಳ್ಳಾಕ ಹತ್ಯಾಳ. ಮೂರು ವರ್ಷಕ್ಕ ಬಿಟ್ಟಿದ್ಲು. ದೊಡ್ಡಾಕಿ ನಾ ಪುಸ್ತಕ ತಗದ್ರ ಸಾಕು, ಎದ್ದು ಹೊಕ್ಕಾಳ. ನಡುವಿನಾಂವ ಒಬ್ಬಾಂವ ಕುಂದರ್ತಾನ, ಅಂವಾನೂ ಬರೇ ಕತ್ತಿ ಯಾವಾಗ ಬರ್ತೈತಿ ಅಂತ ಕಾಯ್ತಾನ. ನಾ ಓದಿ ಹೇಳೂದ ತಪ್ಪೇನ್ರಿ ಅಕ್ಕಾರ?"

ಓದುತ್ತಿದ್ದದ್ದು ಕಿತ್ತೂರಿನ ಮೇಲೆ ದೊಡ್ಡವರಿಗಾಗಿ ಬರೆದ 300 ಪುಟದ ಕಾದಂಬರಿ. ದಿನಾ ರಾತ್ರಿ 9ರಿಂದ 9:40, ಹಾಸಿಗೆಯ ಮೇಲೆ, ಮೂವರಿಗೂ ಒಟ್ಟಿಗೆ. 40 ನಿಮಿಷ ಆದ ಕೂಡಲೇ, ಕಥೆ ಎಲ್ಲಿಗೇ ಬಂದಿರಲಿ, ಪುಸ್ತಕ ಮುಚ್ಚಿ ದೀಪ ಆರಿಸುವ ರೂಢಿ. ಹತ್ತು ದಿನದ ಹಿಂದೆ ಓದು ನಿಂತದ್ದು ನಂದಗಡದಲ್ಲಿ, 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಆಲದ ಮರಕ್ಕೆ ಗಲ್ಲಿಗೇರಿಸಿದ ಪುಟದಲ್ಲಿ. ಮರುದಿನದಿಂದ ಸಣ್ಣವಳು ಮನೆ ಹಿಂದಿನ ರಸ್ತೆಯ ಆಲದ ಮರ ದಾಟುವಾಗ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. "ರಾಯಣ್ಣಗ ಕುತ್ತಿಗಿ ಬ್ಯಾನಿ ಆತನ?" ಎಂದು ಮೂರು ಸಲ ಕೇಳಿದ್ದಳು. "ಅದೆಲ್ಲಾ ಹಿಂದಿನ ಕಾಲದ್ದವಾ, ಮಕ್ಕೋ" ಅನ್ನುವುದು ಮನೆಯಲ್ಲಿ ಸಿಕ್ಕ ಉತ್ತರ. ಐದು ವರ್ಷದ ಮಗುವಿಗೆ ಹಿಂದಿನ ಕಾಲ ಅಂದರೆ ನಿನ್ನೆ, ಇಲ್ಲವೇ ಹೋದ ವರ್ಷದ ಜಾತ್ರೆ. ಆ ಮರ ಈ ಮರ ಬೇರೆ ಎಂದು ಅವಳಿಗೆ ಯಾರೂ ತೋರಿಸಿರಲಿಲ್ಲ.

ಮೊದಲು ಒಂದು ಮಾತು ಖಚಿತ ಮಾಡಿಕೊಂಡೆವು. ಆರು ತಿಂಗಳಿಗಿಂತ ಹೆಚ್ಚು ಒಣಗಿದ ಹಾಸಿಗೆಯಲ್ಲೇ ಏಳುತ್ತಿದ್ದ ಮಗು ಮತ್ತೆ ಒದ್ದೆ ಮಾಡತೊಡಗಿದರೆ ಅದನ್ನು ಹೆದರಿಕೆ ಎಂದಷ್ಟೇ ಬಗೆದು ಕೂರಬಾರದು. ಮೂತ್ರದ ಸೋಂಕು, ಮಲಬದ್ಧತೆ, ಅಪರೂಪಕ್ಕೆ ಸಕ್ಕರೆ ಕಾಯಿಲೆಯೂ ಕಾರಣ ಇರಬಹುದು. ಮಕ್ಕಳ ವೈದ್ಯರಲ್ಲಿ ಮೂತ್ರ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದೆವು. ಏನೂ ಇರಲಿಲ್ಲ.

ತಾಯಿಯ ಲೆಕ್ಕದಲ್ಲಿ ತಪ್ಪು ಪುಸ್ತಕದ್ದು. ಅವರು ಆಗಲೇ ಬೇರೆ ಹನ್ನೆರಡು ಪುಸ್ತಕಗಳ ಪಟ್ಟಿ ಹಿಡಿದು ಬಂದಿದ್ದರು. ನಮಗೆ ಕಂಡ ಮುಖ್ಯ ತಪ್ಪು ಪುಸ್ತಕದ್ದಲ್ಲ, ಓದು ನಿಂತ ಜಾಗದ್ದು. ರಾಯಣ್ಣನ ಸಮಾಧಿಯ ಮೇಲೆ ಅವನ ಜೊತೆಗಾರನೊಬ್ಬ ಆಲದ ಸಸಿ ನೆಟ್ಟ, ಅದೇ ಇಂದು ನಂದಗಡದಲ್ಲಿ ಜನ ಕೈಮುಗಿಯುವ ದೊಡ್ಡ ಮರ ಎಂಬ ಮಾತು ಆ ಸೀಮೆಯಲ್ಲಿದೆ. ಆ ಕಾದಂಬರಿಯಲ್ಲೂ ಎರಡು ಪುಟದಾಚೆ ಅದೇ ಇತ್ತು. ಕಥೆಯಲ್ಲಿ ಆಲ ಗಲ್ಲಿನ ಮರವೂ ಹೌದು, ನೆಟ್ಟು ಬೆಳೆಸಿದ ಮರವೂ ಹೌದು. ಮಗುವಿನ ಪಾಲಿಗೆ ಮೊದಲನೆಯದು ಮಾತ್ರ ಬಂತು, ಅದೂ ದೀಪ ಆರುವ ಹೊತ್ತಿಗೆ.

ಹಾಗಾಗಿ ಮೊದಲ ಸಲಹೆ ಪುಸ್ತಕದ ಪಟ್ಟಿಗಿಂತ ಮುಂಚಿನದು. ಆ ಎರಡು ಪುಟವನ್ನು ಹಗಲಲ್ಲಿ, ಅಂಗಳದಲ್ಲಿ ಕೂತು, ಸಣ್ಣವಳಿಗೆ ಬಾಯಿಮಾತಲ್ಲಿ ಹೇಳಿ ಮುಗಿಸಿ. ರಾಯಣ್ಣ ಸಾಯಲಿಲ್ಲ ಎಂದು ಸುಳ್ಳು ಹೇಳಬೇಡಿ. ನಾಳೆ ಅಣ್ಣ ನಿಜ ಹೇಳಿಬಿಟ್ಟರೆ ನಿಮ್ಮ ಮಾತಿನ ಮೇಲಿನ ನಂಬಿಕೆಯೇ ಹೋಗುತ್ತದೆ. "ಹೂಂ, ಬ್ಯಾನಿ ಆತು. ಈಗ ಇಲ್ಲ. ಅಂವಾ ಹೋಗಿ ಭಾಳ ವರ್ಷಾತು, ನಮ್ಮ ಓಣ್ಯಾನ ಮರ ಬ್ಯಾರೆ" ಅಂದರೆ ಸಾಕು. ಆಮೇಲೆ ಮಾತು ಬೆಳೆಸಬೇಡಿ, ಮತ್ತೆ ಕೇಳಿದರೆ ಮತ್ತೆ ಅಷ್ಟನ್ನೇ ಹೇಳಿ.

"ಭಾಳ ವರ್ಷ" ಎಂದರೆಷ್ಟು ಎಂದು ತೋರಿಸಲು ಟೇಲರ್ ಟೇಪ್ ಬಳಸಿದೆವು. ಅದರ ಉದ್ದ 150 ಸೆಂಟಿಮೀಟರ್. 1 ಸೆಂಟಿಮೀಟರಿಗೆ 10 ವರ್ಷದಂತೆ ಹಿಡಿದರೆ ನಮ್ಮ ಸೀಮೆಯ ಹದಿನೈದು ನೂರು ವರ್ಷ ಒಂದೇ ಗೋಡೆಗೆ ಹಿಡಿಸುತ್ತದೆ. ಸೊನ್ನೆಯನ್ನು 530ನೇ ಇಸವಿಗೆ ಇಡಿ, ಆಗ 150ರ ಗೆರೆ 2030. ಯಾವುದೇ ಇಸವಿಯಿಂದ 530 ಕಳೆದು 10ರಿಂದ ಭಾಗಿಸಿದರೆ ಜಾಗ ಸಿಗುತ್ತದೆ. ಒಂದನೇ ಪುಲಕೇಶಿ ಬಾದಾಮಿ ಕೋಟೆ ಕಟ್ಟಿಸಿದ 543 ಬರುವುದು 1.3ಕ್ಕೆ. ಐಹೊಳೆ ಮೇಗುತಿಯ ಶಾಸನ, 634, 10.4ಕ್ಕೆ. ಬಸವಣ್ಣ 60ರ ಆಚೀಚೆ. ರಕ್ಕಸಗಿ-ತಂಗಡಗಿ (ತಾಳಿಕೋಟೆ) ಯುದ್ಧ, 1565, 103.5. ಗೋಳಗುಮ್ಮಟ ಮುಗಿದ 1656ಕ್ಕೆ 112.6. ಕಿತ್ತೂರಿನ ಗೆಲುವು 129.4, ರಾಯಣ್ಣ 130.1, ಹಲಗಲಿಯ ಬೇಡರ ಬಂಡಾಯ 132.7, ಗಾಂಧೀಜಿ ಅಧ್ಯಕ್ಷರಾಗಿದ್ದ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ 139.4. ಅಜ್ಜಿ ಹುಟ್ಟಿದ್ದು 142.5ಕ್ಕೆ, ಸಣ್ಣವಳು 149ರ ಹತ್ತಿರ. ಅವಳ ಇಡೀ ಆಯುಷ್ಯ ಅರ್ಧ ಸೆಂಟಿಮೀಟರ್. ಅಲ್ಲಿಂದ ರಾಯಣ್ಣನವರೆಗೆ ಅವಳದೇ ಗೇಣಿನಿಂದ ಅಳೆಯಬೇಕು. ಗುರುತಿಗೆ ಬಟ್ಟೆಗೆ ಹಾಕುವ ಚಿಮಟ ಸಾಕು, ಪಿನ್ನು ಬೇಡ. ಟೇಪನ್ನು ಸಣ್ಣವಳ ಕಣ್ಣಿನ ಎತ್ತರಕ್ಕೆ ಅಡ್ಡ ಕಟ್ಟಿ. ದೊಡ್ಡವರ ಎತ್ತರಕ್ಕೆ ಕಟ್ಟಿದರೆ ಅದು ಕ್ಯಾಲೆಂಡರಿನಂತೆ ಗೋಡೆಯ ಅಲಂಕಾರವಾಗುತ್ತದೆ.

ಇನ್ನು ಪುಸ್ತಕ. ಓದಿ ಹೇಳುವ ಪುಸ್ತಕವನ್ನು ಕಣ್ಣಿಂದ ಓದಿ ಆರಿಸಬಾರದು, ಬಾಯಿಂದ ಓದಿ ಆರಿಸಬೇಕು. ಅಂಗಡಿಯಲ್ಲೋ ಗ್ರಂಥಾಲಯದಲ್ಲೋ ಒಂದು ಪುಟ ಮೆಲ್ಲಗೆ ಬಾಯಿಬಿಟ್ಟು ಓದಿ. ಒಂದೇ ಪುಟದಲ್ಲಿ ಮೂರು ಕಡೆ ವಾಕ್ಯದ ನಡುವೆ ಉಸಿರು ಕಟ್ಟಿ, ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡಬೇಕಾಯಿತೇ? ಅದು ಒಬ್ಬರೇ ಓದಿಕೊಳ್ಳುವ ಪುಸ್ತಕ, ಕೆಳಗಿಡಿ. ದಾಟಿತು ಅಂದರೆ ಇನ್ನು ಮೂರು ಪುಟ ನೋಡಿ: ಮೊದಲನೆಯದು, ಕೊನೆಯದು, ಯಾರಾದರೂ ಸಾಯುವ ಪುಟ. ಸಾವಿನ ಪುಟ ರಕ್ತ-ಮಾಂಸದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಎಷ್ಟು ಸಾಲಿನಲ್ಲಿ ಉಳಿದವರ ಕಡೆ ತಿರುಗುತ್ತದೆ ಎಂದು ಎಣಿಸಿ. ಅರ್ಧ ಪುಟದೊಳಗೆ ತಿರುಗಿದರೆ 9ರ ಹುಡುಗನಿಗೆ ನಡೆಯುತ್ತದೆ.

ಮೂರು ವಯಸ್ಸು ಇರುವಾಗ ಒಟ್ಟು ಓದಿನ ಪುಸ್ತಕ ನಡುವಿನವನ ಅಳತೆಗಿರಲಿ. ದೊಡ್ಡವಳ ಮಟ್ಟಕ್ಕೆ ಏರಿಸಿದರೆ ಇಬ್ಬರು ಕೈಬಿಟ್ಟುಹೋಗುತ್ತಾರೆ, ಸಣ್ಣವಳ ಮಟ್ಟಕ್ಕೆ ಇಳಿಸಿದರೆ ದೊಡ್ಡವಳಿಗೆ ಅವಮಾನ. 60ರಿಂದ 100 ಪುಟದ, ಅಧ್ಯಾಯಕ್ಕೆ 5-6 ಪುಟ ಇರುವ ಪುಸ್ತಕ ನೋಡಿ. ಹೊತ್ತು 20 ನಿಮಿಷ. ಗಡಿಯಾರ ನೋಡಿ ನಿಲ್ಲಿಸುವ ಬದಲು ಅಧ್ಯಾಯ ನೋಡಿ ನಿಲ್ಲಿಸಿ. ನಾಳಿನ ಅಧ್ಯಾಯದ ಕೊನೆ ಸಾಲು ಏನು ಎಂದು ಇವತ್ತೇ ಓದಿಟ್ಟುಕೊಂಡಿರಬೇಕು. ಅದು ಗಲ್ಲಿನ, ಕೊಲೆಯ, ಸೆರೆಯ ಸಾಲಾದರೆ ಒಂದು ಪುಟ ಮುಂದೆ ಹೋಗಿ ಅಥವಾ ಒಂದು ಪುಟ ಹಿಂದೆಯೇ ನಿಲ್ಲಿ. ಸಮಯ ಸಂಜೆ ಚಹಾದ ಹೊತ್ತಿಗೆ ಬದಲಾಯಿತು. ಹಾಸಿಗೆಯ ಹೊತ್ತಿಗೆ ಇತಿಹಾಸ ಬೇಡ, ಅಜ್ಜಿಯ ಗುಬ್ಬಿ ಕಥೆ ಇರಲಿ.

ಸಣ್ಣವಳಿಗೆ ಬೆಳಿಗ್ಗೆ ಬೇರೆ 10 ನಿಮಿಷ, ಚಿತ್ರ ದೊಡ್ಡದಾಗಿರುವ ಪುಸ್ತಕ. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯದ ಕನ್ನಡ ಪುಸ್ತಕಗಳು ಈ ಅಳತೆಗೆ ಹೊಂದುತ್ತವೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಉಚಿತ, 1ರಿಂದ 4ರವರೆಗೆ ಹಂತ ಗುರುತಿಸಿರುತ್ತಾರೆ. ಅವಳಿಗೆ 1 ಮತ್ತು 2 ಸಾಕು. ಕಾಮಿಕ್ಸ್ ಓದಿ ಹೇಳಲು ಒಗ್ಗುವುದಿಲ್ಲ. ಮೂವರೂ ಒಂದೇ ಪುಟದ ಮೇಲೆ ಬಾಗುತ್ತಾರೆ, ಮಾತಿನ ಗುಳ್ಳೆಗಳನ್ನಷ್ಟೇ ಓದಿದರೆ ಯಾರು ಯಾರಿಗೆ ಅಂದರೆಂದು ತಿಳಿಯುವುದಿಲ್ಲ. ಅದನ್ನು ಹುಡುಗನ ಕೈಗೆ ಕೊಟ್ಟುಬಿಡಿ.

ದೊಡ್ಡವಳು ಎದ್ದು ಹೋಗುತ್ತಿದ್ದುದಕ್ಕೆ ಬೇಸರ ಕಾರಣವಲ್ಲ. ಪ್ರತ್ಯೇಕ ಮಾತಿಗೆ ಕೂತಾಗ ಅವಳು ಅಂದದ್ದು: "ರಾಣಿ ಒಬ್ಬಾಕೇ ಇದ್ದಾಗ ಮನಸ್ಸಿನಾಗ ಏನ ಅಂದ್ಕೊಂಡ್ಲು ಅಂತ ಬರದಾಂವಗ ಹ್ಯಾಂಗ ಗೊತ್ತು?" ಇದು ಕಾದಂಬರಿಯ ಮೇಲೆ 13ರ ಹುಡುಗಿ ಎತ್ತಬೇಕಾದ ಪ್ರಶ್ನೆಯೇ. ಅವಳಿಗೆ ಒಂದು ನೋಟುಬುಕ್ ಕೊಡಿಸಿದೆವು. ಪುಟದ ನಡುವೆ ಗೆರೆ. ಎಡಕ್ಕೆ "ದಾಖಲೆ ಐತಿ", ಬಲಕ್ಕೆ "ಬರದಾಂವ ಕಟ್ಯಾನ". 1824ರ ಅಕ್ಟೋಬರ್ 23ರ ಕಾಳಗ, ಅದರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು, ಡಿಸೆಂಬರಿನಲ್ಲಿ ಕಿತ್ತೂರು ಬಿದ್ದದ್ದು, 1829ರ ಫೆಬ್ರವರಿಯಲ್ಲಿ ಬೈಲಹೊಂಗಲದ ಸೆರೆಯಲ್ಲಿ ಚೆನ್ನಮ್ಮ ತೀರಿಕೊಂಡದ್ದು ಎಡಕ್ಕೆ. ಕುದುರೆ ಏರುವ ಮುಂಚಿನ ಎರಡು ಪುಟದ ಭಾಷಣ ಬಲಕ್ಕೆ.

ಎಡಗಡೆಯದ್ದನ್ನೂ ಪೂರ್ತಿ ನಂಬಬಾರದು ಎಂಬುದಕ್ಕೆ ಐಹೊಳೆ ಶಾಸನದಷ್ಟು ಒಳ್ಳೆಯ ಪಾಠ ಬೇರೆ ಇಲ್ಲ. ಇಮ್ಮಡಿ ಪುಲಕೇಶಿಯ ಮುಂದೆ ಹರ್ಷನ ಹರ್ಷವೇ ಭಯದಿಂದ ಉದುರಿತು ಎಂದು ಶಾಸನದ ಕವಿ ರವಿಕೀರ್ತಿ, ಹರ್ಷನ ಹೆಸರಿನ ಮೇಲೇ ಆಟ ಆಡುತ್ತಾನೆ. ಮೂಲ ಸಂಸ್ಕೃತವಾದರೂ ಆ ಶ್ಲೇಷೆ ಕನ್ನಡದಲ್ಲಿ ಹಾಗೇ ನಿಲ್ಲುತ್ತದೆ, 9ರ ಹುಡುಗನೂ ನಗುತ್ತಾನೆ. ಆದರೆ ಬರೆದವನು ಪುಲಕೇಶಿಯ ಆಸ್ಥಾನದವನು. ಅದಾಗಿ ಹತ್ತು ವರ್ಷದೊಳಗೆ, 642ರಲ್ಲಿ, ಪಲ್ಲವ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದ. ಗೆದ್ದವನ ಕಲ್ಲು ಓದಿದ ಮೇಲೆ ಸೋಲಿನ ಸುದ್ದಿ ಎಲ್ಲಿ ಸಿಗುತ್ತದೆ ಎಂದು ಹುಡುಕುವ ಕೆಲಸ ದೊಡ್ಡವಳದು.

ಭಾಷೆಯ ತೊಡಕು ತಾಯಿಯೇ ಹೇಳಿದರು. ಪುಸ್ತಕದ ಕನ್ನಡವನ್ನು ಓದುತ್ತ ಓದುತ್ತ ಮನೆಮಾತಿಗೆ ತಿರುಗಿಸಿ ಹತ್ತೇ ನಿಮಿಷಕ್ಕೆ ಸುಸ್ತು. ಪೂರ್ತಿ ತಿರುಗಿಸಬೇಡಿ. ನಿರೂಪಣೆ ಪುಸ್ತಕದಲ್ಲಿದ್ದಂತೆ ಇರಲಿ, ಆ ಕನ್ನಡವೂ ಕಿವಿಗೆ ಬೀಳಬೇಕು. ಆಡುವ ಮಾತನ್ನು ಮಾತ್ರ ನಮ್ಮ ಬಾಯಿಗೆ ತನ್ನಿ. ಕಿತ್ತೂರಿನ ಸೈನಿಕ ನಮ್ಮಂತೆ ಮಾತಾಡಿರುವ ಸಂಭವವೇ ಹೆಚ್ಚು. ಓದುವ ಮುಂಚೆ ಮೂರು ಪದ ಬಿಡಿಸಿ ಹೇಳಿ, ನಾಲ್ಕನೆಯದು ಬೇಡ: ದೇಸಗತಿ (ದೇಸಾಯಿಯ ಆಳ್ವಿಕೆ), ವಾಡೆ (ದೇಸಾಯಿಯ ದೊಡ್ಡ ಮನೆ), ದತ್ತಕ (ದತ್ತು). ಚೆನ್ನಮ್ಮನ ಕಥೆಯ ಗಂಟು ದತ್ತು ಮಗನಲ್ಲೇ ಇದೆ, ಅದು ತಿಳಿಯದಿದ್ದರೆ ಯುದ್ಧ ಯಾಕೆಂದೇ ತಿಳಿಯದು.

ಹುಡುಗನ ಕತ್ತಿಯ ಆಸೆಗೆ ಚಿಂತೆ ಬೇಡ. ಕೇಳುವಾಗ ಕೈಗೆ ಜೇಡಿಮಣ್ಣು ಕೊಡಿ, ಕೋಟೆ ಕಟ್ಟಲಿ. ಸುಮ್ಮನೆ ಕೂತವನೇ ಕೇಳುತ್ತಿದ್ದಾನೆ ಅಂತಲ್ಲ.

ಎರಡನೇ ಭೇಟಿಯ ಹೊತ್ತಿಗೆ ಹಾಸಿಗೆ ವಾರಕ್ಕೆ ಒಂದೆರಡು ಸಲ ಮಾತ್ರ ಒದ್ದೆ. ಆದರೆ ಹೊಸ ತಕರಾರು: ದೊಡ್ಡವಳು ನೋಟುಬುಕ್ ಹಿಡಿದು ಪ್ರತಿ ಸಾಲಿಗೂ "ಇದು ಸುಳ್ಳ" ಎಂದು ಕೂಗಿ ಓದು ಕೆಡಿಸುತ್ತಿದ್ದಳು. ಅಧ್ಯಾಯ ಮುಗಿದ ಮೇಲೆ ಅವಳಿಗೆ ಐದು ನಿಮಿಷ, ನಡುವೆ ಇಲ್ಲ ಎಂದು ಕಟ್ಟು ಮಾಡಿದೆವು. ಇದನ್ನು ಮೊದಲೇ ಹೇಳಬೇಕಿತ್ತು, ನಮ್ಮಿಂದ ತಪ್ಪಿತ್ತು. ಟೇಪಿನ 142ರಿಂದ ಮುಂದೆ ಏನಿದೆ ಎಂದು ಸಣ್ಣವಳು ಕೇಳಿದ್ದಕ್ಕೆ ಅಜ್ಜಿ ಹಿನ್ನೀರಿಗೆ ಹೋದ ಮನೆಯ ಕಥೆ ಶುರು ಮಾಡಿ ಅತ್ತುಬಿಟ್ಟಿದ್ದರು, ಮಕ್ಕಳು ಗಾಬರಿಯಾಗಿದ್ದರು. ಅಜ್ಜಿಯನ್ನು ಸುಮ್ಮನಿರಿಸಬೇಡಿ ಎಂದೆವು. ಅವರು ಹೇಳಿದ್ದನ್ನು ದೊಡ್ಡವಳು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಪುಟಕ್ಕೆ ನಾಲ್ಕು ಸಾಲಿನಂತೆ ಹನ್ನೆರಡು ಪುಟಕ್ಕೆ ಇಳಿಸಲಿ. ಪಡಸಾಲೆ, ಕಾಳು ತುಂಬುವ ಹಗೇವು, ಬಾಗಿಲು ಕಿತ್ತು ಗಾಡಿಗೆ ಹೇರಿದ್ದು, ನವನಗರದ ಹೊಸ ಮನೆ. ಕೊನೆಯ ಪುಟ ಹೊಸ ಮನೆಯ ಮೊದಲ ಅಡುಗೆ ಎಂದು ಅಜ್ಜಿಯೇ ಹೇಳಿದರು. ಆ ಪುಸ್ತಿಕೆ ಮೂವರಿಗೂ ಒಪ್ಪಿದ ಮೊದಲ ಓದಾಯಿತು. ಎಲ್ಲ ಮನೆಯಲ್ಲೂ ಇದು ಆಗದು. ಹಿರಿಯರ ದುಃಖ ಇನ್ನೂ ಹಸಿಯಾಗಿದ್ದರೆ ಮಕ್ಕಳೆದುರು ಕೆದಕಬಾರದು.

ಮೂರನೇ ಭೇಟಿಗೆ ತಂದೆಯೂ ಬಂದರು. ಹಾಸಿಗೆ ಎರಡು ವಾರದಿಂದ ಒಣಗಿತ್ತು. ಮರದ ಕೆಳಗೆ ಸಣ್ಣವಳು ಈಗ ಕಣ್ಣು ಬಿಟ್ಟುಕೊಂಡೇ ಹಾಯುತ್ತಾಳೆ, ಅಜ್ಜಿಯ ಕೈ ಮಾತ್ರ ಬಿಡುವುದಿಲ್ಲ. ತಂದೆಯ ಪ್ರಶ್ನೆ ವಿಜಯಪುರದ್ದು: ಮುಂದಿನ ಪುಸ್ತಕ ಆದಿಲ್‌ಶಾಹಿಗಳದ್ದು ತರಬೇಕೆಂದಿದೆ, ಸಾಠ್ ಕಬರ್ (ಅರವತ್ತು ಗೋರಿ) ತೋರಿಸಲೋ ಬೇಡವೋ. 1659ರಲ್ಲಿ ಶಿವಾಜಿಯ ಮೇಲೆ ಹೋಗುವ ಮುಂಚೆ ಅಫಜಲಖಾನ ತನ್ನ ಹೆಂಡಂದಿರನ್ನು ಕೊಂದ ಎಂಬ ಕಥೆ ಆ ಗೋರಿಗಳಿಗೆ ಅಂಟಿಕೊಂಡಿದೆ. ಸಣ್ಣವಳಿಗೆ ಖಂಡಿತ ಬೇಡ, ಹುಡುಗನಿಗೂ ಈ ವರ್ಷ ಬೇಡ. ದೊಡ್ಡವಳು ಹೋಗಬಹುದು, ಆದರೆ ನೋಟುಬುಕ್ ಹಿಡಿದು: ಗೋರಿ ಎಡಕ್ಕೆ, ಕಥೆ ಸದ್ಯಕ್ಕೆ ಬಲಕ್ಕೆ. ಪುಸ್ತಕ ಆರಿಸುವಾಗ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಅಧ್ಯಾಯ ತೆರೆದು ನೋಡಿ. ಸರಸ್ವತಿಯನ್ನು ಹೊಗಳಿ ಹಾಡು ಕಟ್ಟಿದ, ಜನ ಜಗದ್ಗುರು ಬಾದಶಹ ಎಂದು ಕರೆದ ಈ ದೊರೆಗೆ ಜಾಗವೇ ಕೊಡದೆ ಬರೀ ಯುದ್ಧ ತುಂಬಿದ ಪುಸ್ತಕವಾದರೆ ಅದನ್ನು ಬಿಟ್ಟು ಬೇರೆ ನೋಡಿ. ಮೂವರನ್ನೂ ಒಟ್ಟಿಗೆ ಕರೆದೊಯ್ಯುವುದಾದರೆ ಮೊದಲು ಗೋಳಗುಮ್ಮಟ. ಜನ ಕಡಿಮೆ ಇರುವ ಬೆಳಿಗ್ಗೆಯೇ ಹೋಗಿ, ಪಿಸುಗುಟ್ಟಿದ್ದೂ ಆಚೆ ಬದಿಗೆ ಕೇಳುವ ಮೇಲಿನ ಮೊಗಸಾಲೆಯಲ್ಲಿ ಸಣ್ಣವಳನ್ನು ಅಜ್ಜಿಯ ಜೊತೆ ಒಂದು ಕಡೆ ನಿಲ್ಲಿಸಿ, ಹುಡುಗ ಎದುರು ಗೋಡೆಗೆ ಬಾಯಿ ಹಚ್ಚಿ ಪುಸ್ತಕದ ಒಂದು ಸಾಲು ಓದಲಿ.