ಪಿಪಿಎಫ್ ಒಳ್ಳೆಯದೋ, ಬ್ಯಾಂಕ್ ಎಫ್‌ಡಿಯೋ?

ಮಂಡ್ಯದಲ್ಲಿ ಕೆಲಸ, ತಿಂಗಳಿಗೆ ಹತ್ತು ಸಾವಿರ ಉಳಿಯುತ್ತದೆ, ಎಲ್ಲವನ್ನೂ ಪಿಪಿಎಫ್‌ಗೆ (ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ) ಹಾಕಿಬಿಡಲೇ ಎಂದು ಕೇಳಿದ್ದೀರಿ. ಎಲ್ಲವನ್ನೂ ಬೇಡ.

ಪಿಪಿಎಫ್ ಬಡ್ಡಿಗೆ ತೆರಿಗೆಯೇ ಇಲ್ಲ. ಎಫ್‌ಡಿ ಬಡ್ಡಿ ಹಾಗಲ್ಲ, ಸಂಬಳದ ಜೊತೆ ಸೇರಿ ನಿಮ್ಮ ಸ್ಲ್ಯಾಬ್ (ಆದಾಯಕ್ಕೆ ತಕ್ಕ ತೆರಿಗೆ ದರ) ಪ್ರಕಾರ ತೆರಿಗೆ ಬೀಳುತ್ತದೆ. ಶೇ 30ರ ಸ್ಲ್ಯಾಬ್‌ನಲ್ಲಿದ್ದರೆ, ತೆರಿಗೆ ಮತ್ತು ಅದರ ಮೇಲಿನ ಸೆಸ್ ಕಳೆದ ಮೇಲೆ, ಶೇ 7ರ ಎಫ್‌ಡಿಯಿಂದ ಕೈಗೆ ಸಿಗುವುದು ಸುಮಾರು ಶೇ 4.8 ಅಷ್ಟೇ. ಬ್ಯಾಂಕ್‌ನವರು ಬಡ್ಡಿ ಕೊಡುವಾಗಲೇ ಟಿಡಿಎಸ್ ಎಂದು ಸ್ವಲ್ಪ ತೆರಿಗೆ ಹಿಡಿದುಕೊಂಡರು, ಮುಗಿಯಿತು ಅಂದುಕೊಳ್ಳಬೇಡಿ. ಅದು ಬರೀ ಮುಂಗಡ. ನಿಮಗೆ ತೆರಿಗೆಯೇ ಬರದಿದ್ದರೆ ಈ ಲೆಕ್ಕವೆಲ್ಲ ಸುಮ್ನೆ.

ಆದರೆ ಪಿಪಿಎಫ್ 15 ವರ್ಷದ ಮಾತು. ಏಳನೇ ವರ್ಷದಿಂದ ಸ್ವಲ್ಪ ತೆಗೆಯಬಹುದು. ವರ್ಷಕ್ಕೆ ಒಂದೂವರೆ ಲಕ್ಷ ಮಿತಿ. ಕಟ್ಟಿದ ಹಣಕ್ಕೆ ವಿನಾಯಿತಿ ಸಿಗುವುದು ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ.

ಮದುವೆ, ಬೋರ್‌ವೆಲ್, ಆಸ್ಪತ್ರೆ, ಖರ್ಚೇನು ಹೇಳಿ ಕೇಳಿ ಬರುತ್ತದೆಯೇ? ಆರು ತಿಂಗಳ ಖರ್ಚಿನಷ್ಟು ಎಫ್‌ಡಿಯಲ್ಲೇ ಇರಲಿ. ಆಮೇಲಿನದ್ದು ಪಿಪಿಎಫ್‌ಗೆ, ಅದೂ ಪ್ರತಿ ತಿಂಗಳು 5ನೇ ತಾರೀಖಿನೊಳಗೆ. 6ಕ್ಕೆ ಕಟ್ಟಿದರೆ ಆ ದುಡ್ಡಿಗೆ ಆ ತಿಂಗಳ ಬಡ್ಡಿ ಇಲ್ಲ. ಇದು ಗೊತ್ತಿಲ್ಲದೆ ನಾನು ಮೂರು ವರ್ಷ 7ನೇ ತಾರೀಖು ಕಟ್ಟುತ್ತಿದ್ದೆ!