20 ಮೀಟರ್ ಎಚ್‌ಡಿಎಂಐ ಕೇಬಲ್ ಹಾಕಿದ್ರೆ 4ಕೆ ಟಿವಿಲಿ ಚಿತ್ರ ಯಾಕೆ ಹೋಗಿ ಬಂದು ಮಾಡುತ್ತೆ?

ಕೇಬಲ್ ಕೆಟ್ಟಿರೋದು ಕಡಿಮೆ, ಅದು ತಾಮ್ರದ್ದು, ಅಷ್ಟು ದೂರಕ್ಕೆ 4ಕೆ ಹೊರೋ ತಾಕತ್ತು ಅದಕ್ಕಿಲ್ಲ. 4ಕೆ 60 ಹರ್ಟ್ಜ್‌ಗೆ, ಅಂದ್ರೆ ಸೆಕೆಂಡಿಗೆ 60 ಚಿತ್ರ ತೋರಿಸೋಕೆ, ಸೆಕೆಂಡಿಗೆ ಸುಮಾರು 18 ಗಿಗಾಬಿಟ್ ಡೇಟಾ ಬೇಕು, 1080ಪಿಗೆ, ಅಂದ್ರೆ ಮಾಮೂಲಿ ಫುಲ್ ಎಚ್‌ಡಿಗೆ, ಅದರ ಕಾಲು ಭಾಗ ಸಾಕು, ವೇಗ ಜಾಸ್ತಿ ಆದಷ್ಟೂ ತಂತಿ ಸಿಗ್ನಲ್‌ನ ಜಾಸ್ತಿ ತಿನ್ನುತ್ತೆ, ಚಿತ್ರ ಸೊನ್ನೆ-ಒಂದುಗಳಾಗಿ ಹೋಗೋದ್ರಿಂದ ಕೊನೆಗೆ ಟಿವಿಗೆ ಸೊನ್ನೆ ಯಾವ್ದು ಒಂದು ಯಾವ್ದು ಅಂತಾನೇ ಗೊತ್ತಾಗಲ್ಲ. ಮೊದ್ಲು ಚುಕ್ಕೆ ಮಿನುಗುತ್ತೆ, ಆಮೇಲೆ ಪರದೆ ಪೂರ್ತಿ ಕಪ್ಪು.

ದಾವಣಗೆರೇಲಿ ನಮ್ಮಣ್ಣನ ಮಗಳ ಮದುವೇಲಿ ಹಿಂಗೇ ಆಗಿತ್ತು, ಧಾರೆ ಟೈಮಲ್ಲೇ ಊಟದ ಹಾಲ್ ಟಿವಿ ಕಪ್ಪಾಯ್ತು, ಪಂಕ್ತೀಲಿ ಕೂತ ಅಜ್ಜಿಯರೆಲ್ಲ ಪಾಪ ಕತ್ತು ಚಾಚಿ ನೋಡ್ತಿದ್ರು, ಕ್ಯಾಮೆರಾ ಔಟ್‌ಪುಟ್ 1080ಪಿಗೆ ಇಳಿಸಿದ ತಕ್ಷಣ ಚಿತ್ರ ಬಂತು, ಮತ್ತೆ ಹೋಗ್ಲಿಲ್ಲ. ನೀವೂ ಮೊದ್ಲು ಅದನ್ನೇ ಮಾಡಿ, ಇಲ್ಲಾಂದ್ರೆ ತೊಂದ್ರೆ ಕೇಬಲ್ ಉದ್ದದ್ದೇನಾ ಅಂತ ತಿಳಿಯೋಕೆ 2 ಮೀಟರ್ ಕೇಬಲ್ ಹಾಕಿ ನೋಡಿ.

4ಕೆನೇ ಬೇಕಂದ್ರೆ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ತಗೊಳ್ಳಿ, ಅದರಲ್ಲಿ ಚಿತ್ರ ಬೆಳಕಾಗಿ ಸಣ್ಣ ಎಳೇಲಿ ಹೋಗುತ್ತೆ, ದುಡ್ಡು ಜಾಸ್ತಿ ಆದ್ರೂ ಪರ್ವಾಗಿಲ್ಲ. ಪೈಪೊಳಗೆ ಎಳೆಯೋ ಮುಂಚೆ ತುದಿ ನೋಡಿ, ಸೋರ್ಸ್ ಅಂತಿರೋದು ಕ್ಯಾಮೆರಾ ಕಡೆ, ಡಿಸ್‌ಪ್ಲೇ ಅಂತಿರೋದು ಟಿವಿ ಕಡೆ, ಉಲ್ಟಾ ಆದ್ರೆ ಏನೂ ಬರಲ್ಲ.